ಒಡಪಿನ ಡಬ್ಬಿ

ಬೆಟಗೇರಿಯ ಪ್ರೆಸ್ಸಿನಿಂದ ಫೋನು ಬಂದಾಗ ಮಾರ್ತಾಂಡರಾಯರಿಗೆ ಮೊದಲು ಆದದ್ದು ಸಂತೋಷ. ಈ ಮಾತನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಹೆಂಡತಿ ತಾರಾಬಾಯಿಯ ಮುಂದೆ ಕೂಡ. ಆದರೆ ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

“ಸರ, ಸರ್ವರ್ ಕಾಣವಲ್ದು,” ಅಂದಿದ್ದಳು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಸಬೀನಾ. “ನಿನ್ನೆ ಹೊಸಾ ಕಂಪ್ಯೂಟರ್ ಮೂರೂ ಚಾಲೂ ಮಾಡೀವ್ರಿ. ಒಂದರಾಗೂ ಕಾಣವಲ್ದು. ಅಮೃತವ್ವನ ಪುಸ್ತಕಾ ಎಲ್ಲಾ ಅದರಾಗ ಐತ್ರಿ.”

“ಬಂದೆ,” ಅಂದರು ರಾಯರು. ಅರವತ್ತೊಂದರ ಮನುಷ್ಯ, ಗದಗಿನ ಸ್ಟೇಷನ್ ರಸ್ತೆಯಲ್ಲಿ ಮೂವತ್ತೈದು ವರ್ಷ ಟೈಪಿಂಗ್ ಕ್ಲಾಸು ನಡೆಸಿದವರು, ಮೊಣಕಾಲು ನೋವಿನ ನೆಪ ಹೇಳಿ ಹಾಲು ತರಲಿಕ್ಕೂ ಹೋಗದವರು, ಅವತ್ತು ಮೆಟ್ಟಿಲನ್ನು ಎರಡೆರಡಾಗಿ ಇಳಿದರು. ಆ ಸರ್ವರ್ ಡಬ್ಬಿ ಕೆಡಲಿ ಎಂದು ಅವರು ಆರು ವರ್ಷ ಕಾದಿದ್ದರು.

ಆ ಡಬ್ಬಿಯನ್ನು ಕಟ್ಟಿದವನು ಅವರ ಶಿಷ್ಯ ಸಿದ್ದರಾಮ. ಮುಂಡರಗಿ ಕಡೆಯ ಒಕ್ಕಲುತನದ ಮನೆಯ ಹುಡುಗ, ರಾಯರ ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಅವರ ಮನೆಯಲ್ಲೇ ಎಷ್ಟೋ ಮಧ್ಯಾಹ್ನ ಊಟ ಮಾಡಿ, ಮುಂದೆ ಬೆಟಗೇರಿಯ ಈ ಪ್ರೆಸ್ಸಿಗೆ ಸೇರಿದ. ಎಲ್ಲರ ಕೆಲಸವೂ ಒಂದೇ ಕಡೆ ಇರಲಿ, ಯಾವ ಕಂಪ್ಯೂಟರಿನಿಂದ ಬೇಕಾದರೂ ತೆಗೆಯಲಿಕ್ಕೆ ಬರಲಿ ಎಂದು ಹಳೆಯದೊಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿದ. ಅದನ್ನು ಚಾಲೂ ಮಾಡಿದ ದಿನ ಪ್ರೆಸ್ಸಿನ ಮಾಲೀಕ ಮೈಲಾರಲಿಂಗಪ್ಪ ಎಲ್ಲರಿಗೂ ಗಿರಮಿಟ್ಟು ಚಹಾ ಕೊಡಿಸಿ, “ಏನ್ರಿ ರಾಯರ, ಈ ಲಿನಕ್ಸ್ ಅಂದ್ರ ಏನು?” ಎಂದು ಕೇಳಿದ್ದರು.

ರಾಯರು ಗಿರಮಿಟ್ಟು ಅಗಿಯುತ್ತ, “ಪುಕ್ಕಟೆ ಸಿಗೂದು. ಪುಕ್ಕಟೆ ಸಿಕ್ಕದ್ದು ಎರಡು ತಿಂಗಳ ಬಾಳಂಗಿಲ್ಲ,” ಅಂದರು.

ಸಿದ್ದರಾಮ ನಕ್ಕುಬಿಟ್ಟ. “ಸರ, ತಿಳೀದ ವಿಷಯದಾಗ ಯಾಕ ಮಾತಾಡ್ತೀರಿ?”

ಅಷ್ಟೇ. ಹುಡುಗ ಬುದ್ಧಿಯಲ್ಲಿ, ನಗುವಿನಲ್ಲಿ ಬಂದ ಮಾತು. ಆದರೆ ಹತ್ತು ಜನರೆದುರು ಬಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ಸಿದ್ದರಾಮ ಮರುದಿನವೇ ಮನೆಗೆ ಬಂದು ಕಾಲು ಮುಟ್ಟಿದ್ದ; ರಾಯರು ಕಾಲು ಹಿಂದೆಳೆದುಕೊಂಡಿದ್ದರು. ಆಮೇಲೆ ಅವರು ಅವನೊಂದಿಗೆ ಮಾತಾಡಲಿಲ್ಲ. ಡಬ್ಬಿ ಮಾತ್ರ ಎರಡು ತಿಂಗಳಿರಲಿ, ಎಪ್ಪತ್ತೆರಡು ತಿಂಗಳು ಒಂದು ದಿನವೂ ಕೆಮ್ಮದೆ ನಡೆಯಿತು. ಪ್ರೆಸ್ಸಿಗೆ ಯಾವ ಕೆಲಸಕ್ಕೆ ಹೋದರೂ ರಾಯರು ಮೆಟ್ಟಿಲ ಕೆಳಗೆ ಹಸಿರು ದೀಪ ಮಿಟುಕಿಸುತ್ತ ಕೂತ ಅದನ್ನು ಓರೆಗಣ್ಣಿನಿಂದ ನೋಡಿ ಬರುತ್ತಿದ್ದರು.

ಇನ್ನು ಅದರ ಹೊಟ್ಟೆಯೊಳಗಿದ್ದ ಪುಸ್ತಕದ ಮಾತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಬಾಯಿಂದ ಆಡಬಾರದು. ಮದುವೆಯಲ್ಲೋ ಚೊಚ್ಚಲ ಬಸಿರಿಯ ಕುಬಸದಲ್ಲೋ ನಾದಿನಿಯರು ಬಾಗಿಲು ಅಡ್ಡಗಟ್ಟಿ ಹೆಸರು ಹೇಳು ಎಂದರೆ, ನಾಲ್ಕು ಸಾಲು ಪದ ಕಟ್ಟಿ ಅದರ ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಸೊರಟೂರಿನ ಅಮೃತವ್ವ ಅರವತ್ತು ವರ್ಷ ಹೀಗೆ ಒಡಪು ಕಟ್ಟಿಕೊಟ್ಟವಳು. ಯಳವತ್ತಿ, ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಕೂಡ ಮದುವಣಗಿತ್ತಿಯರು ಗಂಡನ ಹೆಸರು ಹಿಡಿದು ಅವಳ ಕಟ್ಟೆಗೆ ಬರುತ್ತಿದ್ದರು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಟ್ಟವಳಲ್ಲ, ಒಬ್ಬೊಬ್ಬರಿಗೆ ಒಂದೊಂದು. ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ಪ್ರೆಸ್ಸಿಗೆ ಬಂದಾಗ ಸಿದ್ದರಾಮನಿಗೆ ನಾಲ್ಕು ಹೇಳಿದಳು. ಅವನು ಇನ್ನಷ್ಟು ಕೇಳಿದ. ಅಲ್ಲಿಂದ ನಾಲ್ಕು ವರ್ಷ, ಸಂತೆಗೆ ಬಂದಾಗೆಲ್ಲ ಮುದುಕಿ ಪ್ರೆಸ್ಸಿನ ಬೆಂಚಿನ ಮೇಲೆ ಕೂತು ಹೇಳುವುದು, ಅವನು ಮೊಬೈಲಿನಲ್ಲಿ ದನಿ ಹಿಡಿದುಕೊಂಡು ಆಮೇಲೆ ಟೈಪು ಮಾಡುವುದು. ಸಾವಿರದ ನೂರಾ ಹನ್ನೆರಡು ಒಡಪುಗಳು, ಅಷ್ಟೂ ಅವಳ ದನಿಯ ಸಮೇತ, ಆ ಡಬ್ಬಿಯಲ್ಲಿದ್ದವು.

ಎರಡು ವರ್ಷದ ಹಿಂದೆ ಸಿದ್ದರಾಮನಿಗೆ ಸಿಂಗಟಾಲೂರಿನ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸವಾಗಿ ಅವನು ಹೊರಟುಹೋದ. ಉಳಿದದ್ದನ್ನು ಸಬೀನಾ ತಿದ್ದಿ ಪುಟ ಕಟ್ಟಿದಳು. ದೀಪಾವಳಿಗೆ ಪುಸ್ತಕ ಹೊರಬರಬೇಕು. ಅಮೃತವ್ವನಿಗೆ ಈಗ ಎಂಬತ್ತಾರು, ನೆನಪು ಸೋರತೊಡಗಿತ್ತು, ನಿನ್ನೆ ಬಂದವರನ್ನು ಇಂದು ಯಾರು ಎಂದು ಕೇಳುತ್ತಿದ್ದಳು. ಹಾಗಾಗಿ ಆ ಪದಗಳೆಲ್ಲ ಇದ್ದ ಜಾಗ ಅದೊಂದೇ. ಪ್ರತಿ ಶನಿವಾರ ಬೇರೊಂದು ಡಿಸ್ಕಿಗೆ ನಕಲು ತೆಗೆದಿಡಿ ಎಂದು ಸಿದ್ದರಾಮ ಹೇಳಿಹೋಗಿದ್ದ. ಆ ಡಿಸ್ಕಿನಲ್ಲಿ ಮೈಲಾರಲಿಂಗಪ್ಪ ಮಗಳ ಮದುವೆಯ ವಿಡಿಯೊ ತುಂಬಿ ಬೀಗರಿಗೆ ಕೊಟ್ಟಿದ್ದರು. ಬೀಗರಿಗೆ ಕೊಟ್ಟದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ರಾಯರು ಪ್ರೆಸ್ಸಿಗೆ ಬಂದಾಗ ಹತ್ತೂವರೆ. ವಿಜಯದಶಮಿಯ ದಿನ ತಂದ ಮೂರು ಹೊಸ ಕಂಪ್ಯೂಟರು ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿದ್ದವು. ಹಳೆಯ ಮೂರನ್ನು ಅಂಗಡಿಯವನಿಗೆ ಬದಲಿಗೆ ಕೊಟ್ಟಾಗಿತ್ತು. ಸರ್ವರ್ ಡಬ್ಬಿಗೂ ಆಯುಧಗಳ ಖಂಡೆಪೂಜೆಯಲ್ಲಿ ಪಾಲು ಸಿಕ್ಕಿ, ಮೈತುಂಬ ವಿಭೂತಿ ಬಳಿದುಕೊಂಡು ಮೆಟ್ಟಿಲ ಕೆಳಗೆ ಎಂದಿನಂತೆ ದೀಪ ಮಿಟುಕಿಸುತ್ತಿತ್ತು.

ರಾಯರು ಮೊದಲು ವಾಯರು ನೋಡಿದರು, ಗಟ್ಟಿಯಿತ್ತು. ಹೊಸ ಕಂಪ್ಯೂಟರಿನಲ್ಲಿ ನೆಟ್‌ವರ್ಕಿನ ಪಟ್ಟಿ ತೆರೆದರು. ಮೂರು ಕಂಪ್ಯೂಟರೂ ಒಂದಕ್ಕೊಂದು ಕಾಣುತ್ತಿದ್ದವು, ಪ್ರಿಂಟರು ಕಾಣುತ್ತಿತ್ತು, ಸರ್ವರ್ ಇಲ್ಲ. ವರ್ಕ್‌ಗ್ರೂಪಿನ ಹೆಸರು ತಿದ್ದಿದರು. ಫೈರ್‌ವಾಲ್ ಬಂದ್ ಮಾಡಿದರು. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದರು. ಪಟ್ಟಿ ಮೊದಲಿದ್ದಂತೆಯೇ ಇತ್ತು. ಕೊನೆಗೆ ಒಂದು ಪರದೆಯನ್ನು ಡಬ್ಬಿಗೇ ಜೋಡಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಅದು ಹೆಸರು, ಪಾಸ್‌ವರ್ಡು ಕೇಳಿತು. ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ.

“ಸಿದ್ದರಾಮಣ್ಣಗ ಒಂದ್ ಫೋನ್ ಹಚ್ಲೇನ್ರಿ ಸರ?” ಸಬೀನಾ ಕೇಳಿದಳು.

“ಯಾಕ? ನಾ ಸತ್ತೀನೇನು?”

ಸಬೀನಾ ಕೈಯಲ್ಲಿದ್ದ ಫೋನು ಕೆಳಗಿಟ್ಟಳು. ಅವಳೂ ರಾಯರ ಕ್ಲಾಸಿನವಳೇ. ಅಲ್ಲಿ ಕಲಿತವರಿಗೆಲ್ಲ ಅವರ ದನಿಗೆ ಒಂದು ಅಂಜಿಕೆ ಇದ್ದೇ ಇರುತ್ತಿತ್ತು.

“ಪೂಜಿ ಮಾಡಲಿಕ್ಕೆ ಬಂದ್ ಮಾಡಿ ಹಚ್ಚೀರಲ್ಲ, ಆವಾಗ ಡಿಸ್ಕ್ ಹೋಗ್ಯದ,” ಅಂದರು ರಾಯರು. “ಮೈಲಾರಲಿಂಗಪ್ಪ, ನಾ ಅವತ್ತೇ ಹೇಳಿದ್ದೆ. ಪುಕ್ಕಟೆಯದು.”

“ಹೇಳಿದ್ರಿ ಖರೆ,” ಅಂದರು ಮೈಲಾರಲಿಂಗಪ್ಪ. ಅವರ ಮುಖ ಸಣ್ಣಗಾಗಿತ್ತು. ಅವರ ಹೆಂಡತಿ ಮದುವೆಯಾಗಿ ಮನೆಯ ಹೊಸ್ತಿಲು ದಾಟುವಾಗ ಹೇಳಿದ ಒಡಪೂ ಅಮೃತವ್ವನದೇ. “ಪುಸ್ತಕ ಬರ್ತೈತೇನ್ರಿ ರಾಯರ? ಅದೊಂದ್ ಬಂದ್ರ ಸಾಕು.”

“ನಾ ಇಲ್ಲೇನು? ಎಷ್ಟು ಲಗ್ನದ ಫೋಟೊ ತಗದುಕೊಟ್ಟೀನಿ ನಾನು, ಅಳಿಸಿಹೋದ ಪೆನ್‌ಡ್ರೈವಿನಾಗಿಂದ.”

ಇದು ಸುಳ್ಳಲ್ಲ. ಕೆಟ್ಟ ಪೆನ್‌ಡ್ರೈವನ್ನು ಒಮ್ಮೆ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಒರೆಸಿ, ಆಮೇಲೆ ಅಳಿದದ್ದನ್ನು ಮರಳಿ ಎತ್ತುವ ಸಾಫ್ಟ್‌ವೇರ್ ಓಡಿಸಿದರೆ ಫೋಟೊಗಳು ಎದ್ದು ಬರುವುದನ್ನು ಅವರು ಹತ್ತಾರು ಸಲ ಕಂಡಿದ್ದರು. ಆ ಒಂದು ವಿದ್ಯೆಯಿಂದ ಗದಗ-ಬೆಟಗೇರಿಯ ಅರ್ಧ ಫೋಟೊ ಸ್ಟುಡಿಯೊಗಳಲ್ಲಿ ಅವರಿಗೆ ಕುರ್ಚಿ ಸಿಗುತ್ತಿತ್ತು. ಸ್ಕ್ರೂಡ್ರೈವರ್ ತರಿಸಿ ಡಬ್ಬಿ ಬಿಚ್ಚಿದರು, ಡಿಸ್ಕ್ ಹೊರತೆಗೆದು ಹೊಸ ಕಂಪ್ಯೂಟರಿಗೆ ಹಚ್ಚಿದರು.

ಪರದೆಯ ಮೇಲೆ ಒಂದು ಚೌಕ ಎದ್ದಿತು. ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು. ಲಿನಕ್ಸ್ ಬರೆದಿಟ್ಟದ್ದನ್ನು ಓದಲು ವಿಂಡೋಸಿಗೆ ಬರುವುದಿಲ್ಲ. ಓದಲು ಬಾರದ್ದನ್ನು ಅದು ಹಾಳಾದದ್ದು ಎಂದು ತಿಳಿಯುತ್ತದೆ. ಈ ಗುಣ ಯಂತ್ರಕ್ಕೆ ಮಾತ್ರ ಇದೆ ಅಂತೇನಿಲ್ಲ.

“ನೋಡಿದೇನು? ಡಿಸ್ಕ್ ಹೋಗ್ಯದ ಅಂತ ಅದs ಹೇಳ್ಲಿಕ್ಕೆ ಹತ್ಯದ,” ಅಂದರು ರಾಯರು.

ಟೈಪಿಂಗ್ ಕ್ಲಾಸಿನ ಗೋಡೆಯ ಮೇಲೆ ಅವರೇ ಬರೆಸಿದ ಒಂದು ಸಾಲಿತ್ತು: ಕಂಡಂತೆ ಹೊಡೆಯಿರಿ, ವಿಚಾರ ಮಾಡಬೇಡಿರಿ. ಎದುರಿಗಿಟ್ಟ ಹಾಳೆಯಲ್ಲಿ ಏನಿದೆಯೋ ಅದನ್ನೇ ಹೊಡೆಯಬೇಕು, ತಪ್ಪಿದ್ದರೂ ತಿದ್ದಬಾರದು. ಸರಕಾರಿ ಪರೀಕ್ಷೆ ಪಾಸಾಗುವುದೇ ಹಾಗೆ. ಮೂವತ್ತೈದು ವರ್ಷ ಅದನ್ನೇ ಕಲಿಸಿದ ಕೈ, ಪರದೆ ಕೇಳಿದ್ದಕ್ಕೆ ಹೂಂ ಅಂದಿತು.

ಆಮೇಲೆ ಇನ್ನೊಂದು ಸಣ್ಣ ಚೌಕ ಬಂತು. ಅದರಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂಬಲ್ಲಿ ಮೊದಲೇ ಟಿಕ್ ಇತ್ತು. ರಾಯರು ಆ ಟಿಕ್ಕನ್ನು ತೆಗೆದರು. “ಗಡಿಬಿಡಿ ಕೆಲಸ ನನ್ನ ಕೈಲೆ ಆಗಂಗಿಲ್ಲ. ಹೊತ್ತಾದರೂ ಅಡ್ಡಿಯಿಲ್ಲ, ಸ್ವಚ್ಛ ಆಗಬೇಕು,” ಎಂದು ಸಬೀನಾಗೆ ಪಾಠವನ್ನೂ ಹೇಳಿದರು. ಹಸಿರು ಪಟ್ಟಿ ಇರುವೆಯಂತೆ ಮುಂದೆ ಸರಿಯತೊಡಗಿತು. ಮೂರು ತಾಸಾದರೂ ಬೇಕು ಎಂದು ಲೆಕ್ಕ ಹಾಕಿ, ಯಾರೂ ಮುಟ್ಟಬೇಡಿ ಎಂದು ಹೇಳಿ, ರಾಯರು ಊಟಕ್ಕೆ ಮನೆಗೆ ಹೋದರು.

ತಾರಾಬಾಯಿ ಜೋಳದ ಭಕ್ಕರಿಯ ಮೇಲೆ ಝುಣಕ ಬಡಿಸುತ್ತ, “ಸಿದ್ದರಾಮಗ ಕೇಳಿದ್ರಿಲ್ಲೋ?” ಅಂದರು.

“ಅವಗೇನ ಕೇಳೂದು?”

“ಮಾಡಿದಾಂವ ಅವನs ಅಲ್ಲೇನ್ರಿ. ನಂಬರ್ ನನ್ನ ಹತ್ರ ಅದ. ಹಬ್ಬಕ್ಕೊಮ್ಮೆ ಫೋನ್ ಮಾಡ್ತಾನ.”

ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನೆ ಎಂಬುದು ರಾಯರಿಗೆ ಹೊಸ ಸುದ್ದಿ. ಅವರು ಭಕ್ಕರಿಯನ್ನು ಬೇಕಾದ್ದಕ್ಕಿಂತ ಸಣ್ಣ ಚೂರು ಮಾಡಿದರು. ಅಷ್ಟರಲ್ಲಿ ಸಬೀನಾಳ ಫೋನು ಬಂತು.

“ಸರ, ಸಿಟ್ಟ ಆಗಬ್ಯಾಡ್ರಿ. ನಾನs ಸಿದ್ದರಾಮಣ್ಣಗ ಫೋನ್ ಹಚ್ಚಿದ್ನಿ. ಫಾರ್ಮ್ಯಾಟ್ ನಡದೈತಿ ಅಂದ್ನಿ. ಈಗಿಂದೀಗ ವಾಯರ್ ಕೀಳು ಅನ್ನಾಕತ್ತಾನ್ರಿ. ಡಿಸ್ಕ್ ಕೆಟ್ಟಿಲ್ಲಂತ್ರಿ. ಕೀಳಲೇನ್ರಿ ಸರ?”

“ಎಷ್ಟಾಗ್ಯದ?”

“ನೂರಕ್ಕ ಇಪ್ಪತ್ತೆರಡ್ರಿ.”

ಕೀಳು ಎನ್ನಲಿಕ್ಕೆ ಎರಡೇ ಅಕ್ಷರ. ಅವರಿಗೂ ಅನುಮಾನ ಬಂದಿತ್ತು. ಅದು ಬಂದಿರಲಿಲ್ಲ ಎಂದು ಹೇಳಿದರೆ ಅವರಿಗೇ ಅನ್ಯಾಯ ಮಾಡಿದಂತೆ, ಯಾಕೆಂದರೆ ಅವರು ದಡ್ಡರಲ್ಲ. ಆದರೆ ಆ ಹತ್ತು ಜನ, ಆ ಗಿರಮಿಟ್ಟು, ಆ ನಗು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು.

“ನಡುವ ಕಿತ್ತರ ಡಿಸ್ಕ್ ಸುಟ್ಟುಹೋಗ್ತದ,” ಅಂದರು. “ಗುರುವಿಗೇ ತಿರುಮಂತ್ರ ಹೇಳಬ್ಯಾಡ ಅಂತ ಹೇಳು ಅವಗ. ನೀ ಮುಟ್ಟಬ್ಯಾಡ.”

“ಆತ್ರಿ ಸರ,” ಅಂದಳು ಸಬೀನಾ. ಅವಳು ಮುಟ್ಟಲಿಲ್ಲ. ಕಂಡಂತೆ ಹೊಡೆಯಲು ಕಲಿತವಳು, ಹೇಳಿದಂತೆ ಕೇಳಿದಳು.

ಸಂಜೆ ಐದಕ್ಕೆ ಸಿದ್ದರಾಮ ಬಂದ. ಸಿಂಗಟಾಲೂರಿನಿಂದ ಯಾರದೋ ಬೈಕಿನ ಮೇಲೆ ಮುಂಡರಗಿಗೆ, ಅಲ್ಲಿಂದ ಡಂಬಳದ ಮೇಲೆ ಹಾಯ್ದು ಬರುವ ಬಸ್ಸಿಗೆ. ಮೈಮೇಲೆ ಪಂಪ್‌ಹೌಸಿನ ಖಾಕಿ ಅಂಗಿಯೇ ಇತ್ತು. ಮೊದಲು ರಾಯರ ಕಾಲು ಮುಟ್ಟಿದ. ಈ ಸಲ ರಾಯರು ಕಾಲು ಎಳೆದುಕೊಳ್ಳಲಿಲ್ಲ, ಎಳೆದುಕೊಳ್ಳುವ ಹಮ್ಮು ಅಷ್ಟೊತ್ತಿಗೆ ಇಳಿದುಹೋಗಿತ್ತು. ಫಾರ್ಮ್ಯಾಟ್ ಮೂರಕ್ಕೇ ಮುಗಿದಿತ್ತು. ಆಗಿನಿಂದ ಅವರು ಮೂರು ಬೇರೆ ಬೇರೆ ಸಾಫ್ಟ್‌ವೇರ್ ಓಡಿಸಿದ್ದರು. ಒಂದರಲ್ಲೂ ಒಂದು ಅಕ್ಷರ ಎದ್ದಿರಲಿಲ್ಲ.

ಸಿದ್ದರಾಮ ಡಿಸ್ಕಿಗೆ ತನ್ನ ಲ್ಯಾಪ್‌ಟಾಪ್ ಹಚ್ಚಿ ನೋಡಿದ. ಮೊದಲಿನಿಂದ ನೋಡಿದ, ನಡುವೆ ನೋಡಿದ, ಕೊನೆಯಲ್ಲಿ ನೋಡಿದ. ಎಲ್ಲ ಕಡೆ ಬರೀ ಸೊನ್ನೆ.

“ಕ್ವಿಕ್ ಅನ್ನೂದರ ಟಿಕ್ ತಗದಿದ್ರೇನ್ರಿ ಸರ?”

“ಹೌದು.”

“ಅದ ಇದ್ದಿದ್ರ ಬರೀ ಮ್ಯಾಲಿನ ಪಟ್ಟಿ ಅಷ್ಟ ಅಳೀತಿತ್ತು. ಒಳಗಿಂದು ಮುಕ್ಕಾಲು ಪಾಲು ತಗೀತಿದ್ನಿ. ಟಿಕ್ ತಗದ್ರ ಪೂರಾ ಡಿಸ್ಕಿಗೆ ಸೊನ್ನಿ ಬರೀತೈತ್ರಿ.” ಅವನು ರಾಯರ ಮುಖ ನೋಡದೆ ಹೇಳಿದ. “ಮಧ್ಯಾಹ್ನ ಕಿತ್ತಿದ್ರನೂ ಭಾಳ ಉಳೀತಿತ್ತು.”

ಮೈಲಾರಲಿಂಗಪ್ಪ ಬೆಂಚಿನ ಮೇಲೆ ಕೂತುಬಿಟ್ಟರು. “ಮತ್ತ ಅದು ಕೆಟ್ಟಿದ್ದೇನೋ ಸಿದ್ದರಾಮ? ಕಾಣ್ತಿರಲಿಲ್ಲಲ್ಲ.”

“ಏನೂ ಕೆಟ್ಟಿರಲಿಲ್ರಿ ಕಾಕಾ. ಹಳೇ ಸರ್ವರು ನಾ ಇಲ್ಲಿದೀನಿ ಅಂತ ಹಳೇ ರೀತೀಲೆ ಕೂಗ್ತೈತಿ. ಹೊಸಾ ವಿಂಡೋಸು ಆ ಕೂಗ ಕೇಳಿಸ್ಕೊಳ್ಳಂಗಿಲ್ಲ. ಅದಕ್ಕs ಪಟ್ಟ್ಯಾಗ ತೋರಸಂಗಿಲ್ಲ. ಮ್ಯಾಲ ವಿಳಾಸದ ಜಾಗಾದಾಗ ಅದರ ನಂಬರ್ ಹೊಡದಿದ್ರ ಸಾಕಿತ್ತು, ಬಾಗಲಾ ತಗೀತಿತ್ತು. ನಂಬರ್ ಚೀಟಿ ಡಬ್ಬಿ ಬೆನ್ನಿಗೇ ಅಂಟಿಸಿ ಹೋಗಿದ್ನೆಲ್ರಿ.”

ಸಬೀನಾ ಖಾಲಿ ಡಬ್ಬಿಯನ್ನು ತಿರುಗಿಸಿ, ಬೆನ್ನಿನ ಮೇಲೆ ಗಟ್ಟಿಯಾಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದಳು. ಎರಡು ವರ್ಷದ ಖಂಡೆಪೂಜೆಯ ಕೆಳಗಿಂದ ಚೀಟಿ ಬಂತು. ಸಿದ್ದರಾಮನ ದುಂಡನೆಯ ಅಕ್ಷರದಲ್ಲಿ ನಂಬರಿತ್ತು, ಅದರ ಕೆಳಗೆ ಅವನ ಫೋನ್ ನಂಬರೂ ಇತ್ತು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ರಾಯರು ಹುಡುಕಿದ್ದಷ್ಟೇ ಆಗಿದ್ದರೆ ಜನ ನಕ್ಕು ಮರೆಯುತ್ತಿದ್ದರು.

ಅವತ್ತು ಯಾರೂ ಅವರಿಗೆ ಒಂದು ಮಾತು ಅನ್ನಲಿಲ್ಲ. ಮೈಲಾರಲಿಂಗಪ್ಪ ಎಂದಿನಂತೆ ಚಹಾ ತರಿಸಿದರು. ಸಿದ್ದರಾಮ ತನ್ನ ಹಳೆಯ ಮೊಬೈಲಿನ ಮೆಮೊರಿ ಕಾರ್ಡು ಹುಡುಕಿ ಫೋನ್ ಮಾಡುತ್ತೇನೆ ಎಂದ. ಮರುದಿನ ಮಾಡಿದ, ಅದರಲ್ಲಿ ಏನೂ ಇರಲಿಲ್ಲ, ಸರ್ವರ್ ಡಬ್ಬಿಗೆ ಹಾಕಿದ ಮೇಲೆ ಅಳಿಸಿಬಿಟ್ಟಿದ್ದ. ಸಬೀನಾಳ ಬಳಿ ತಿದ್ದಿದ ಕರಡು ಹದಿನಾರು ಪುಟ ಉಳಿದಿದ್ದವು. ಸಾವಿರದ ನೂರಾ ಹನ್ನೆರಡರಲ್ಲಿ ಅರವತ್ತನಾಲ್ಕು.

ರಾಯರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ತಾರಾಬಾಯಿಯ ಮುಂದೆ, “ನಾ ಸೊರಟೂರಿಗೆ ಹೋಗಿ ಬರ್ತೀನಿ,” ಅಂದರು. ತಾರಾಬಾಯಿ ಚೀಲದಲ್ಲಿ ಒಂದು ಸೀರೆ, ಎರಡು ತೆಂಗಿನಕಾಯಿ ಹಾಕಿಕೊಟ್ಟರು. ತಪ್ಪೊಪ್ಪಿಕೊಳ್ಳಲು ಹೋಗುವ ಗಂಡನ ಕೈಗೆ ಏನು ಕೊಡಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಅಮೃತವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ರಾಯರು ನಿಂತುಕೊಂಡೇ ಎಲ್ಲ ಹೇಳಿದರು. ಡಿಸ್ಕು, ಫಾರ್ಮ್ಯಾಟು ಅವಳಿಗೆ ತಿಳಿಯಲಿಲ್ಲ. “ನೀವು ಹೇಳಿದ್ದೆಲ್ಲಾ ನನ್ನ ಕೈಯಿಂದ ಅಳಿಸಿಹೋಯಿತು ಅವ್ವಾ,” ಅಂದದ್ದು ತಿಳಿಯಿತು.

“ಎಲ್ಲಾ?”

“ಎಲ್ಲಾ.”

“ಆತು, ಬಾ ಕುಂಡ್ರು,” ಅಂದಳು ಮುದುಕಿ, “ಇನ್ನೊಮ್ಮೆ ಹೇಳ್ತೀನಿ. ಬಾಯಿಗೇನ್ ರೊಕ್ಕಾ ಕೊಡಬೇಕೇನು, ಪುಕ್ಕಟೆ.”

ಪುಕ್ಕಟೆ ಎಂಬ ಮಾತು ರಾಯರಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು.

ಆವತ್ತಿನಿಂದ ಪ್ರತಿ ಶುಕ್ರವಾರ ಮುಂಜಾನೆ ಬಸ್ಸಿಗೆ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಸೊರಟೂರಿಗೆ ಹೋಗುವುದು ರಾಯರ ವ್ರತವಾಯಿತು. ಮುದುಕಿ ಹೇಳುವಷ್ಟು ಜೋರಿನಲ್ಲೇ ಅವರ ಬೆರಳು ಓಡುತ್ತಿತ್ತು. ಈ ಜಿಲ್ಲೆಯಲ್ಲಿ ಅವರಷ್ಟು ಬೇಗ ಕನ್ನಡ ಹೊಡೆಯುವವರು ಇರಲಿಲ್ಲ. ಮೊದಲ ವಾರ ಹದಿನೆಂಟು ಬಂದವು.

“ಯಳವತ್ತಿ ಎರಿಹೊಲಕ ಬಿಳಿಜ್ವಾಳ ಚಂದ, ಬೆಟಗೇರಿ ಸೀರಿಗೆ ಕೆಂಪಂಚು ಚಂದ, ಬಾಗಲಾ ಅಡ್ಡಗಟ್ಟಿದ ನಾದಿನಿಗೆ ಹೇಳ್ತೀನಿ, ಹನಮಂತರಾಯರು ನನಗ ಚಂದ,” ಎಂದು ಹೇಳಿ ಬಾಯಿ ತುಂಬ ನಕ್ಕಳು. “ಇದು ನಾಗರತ್ನಾಂದು. ಏನ್ ನಾಚಿಕಿ ಅಕೀಗೆ, ಹೇಳಾಕ ಅರ್ಧಾ ತಾಸ ಮಾಡಿದ್ಲು.”

ಎರಡನೆಯ ವಾರ ಹನ್ನೊಂದು ಬಂದವು, ಅದರಲ್ಲಿ ನಾಲ್ಕು ಹಿಂದಿನ ವಾರದವೇ. ಆಮೇಲಾಮೇಲೆ ಒಂದರ ತಲೆಗೆ ಇನ್ನೊಂದರ ಬಾಲ ಸೇರತೊಡಗಿತು. ಎರಡು ಸಾಲು ಹೇಳಿ, ಮುಂದಿನದಕ್ಕೆ ಬಾಯಿ ತೆರೆದು, ಬೆರಳು ನೆಟಿಗೆ ಮುರಿಯುತ್ತ ಕೂಡುತ್ತಿದ್ದಳು. ರಾಯರು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಊರಿನ ಹೆಂಗಸರು ಸುದ್ದಿ ತಿಳಿದು ತಮ್ಮ ತಮ್ಮದನ್ನು ಅಮೃತವ್ವನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು, ಅವಳು ಅದನ್ನು ರಾಯರಿಗೆ ಹೇಳುತ್ತಿದ್ದಳು. ಗಂಡನ ಹೆಸರನ್ನು ಪರಗಂಡಸಿನ ಮುಂದೆ ಹೇಳುವುದುಂಟೇ? ಇದ್ದವರವು ಹೀಗೆ ಸಿಕ್ಕವು. ಸತ್ತವರವು, ದೂರ ಕೊಟ್ಟವರವು ಯಾರ ಬಾಯಲ್ಲೂ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎಲ್ಲ ಸೇರಿ ಇನ್ನೂರಾ ಏಳಾದವು. ಉಳಿದ ಒಂಬೈನೂರರ ಲೆಕ್ಕ ರಾಯರ ಎದೆಯ ಮೇಲೆ ಕೂತಿತ್ತು. ತಾನೇ ಹೋಗಿ ಅಷ್ಟು ಹೆಂಗಸರ ಬಾಯಿ ಮುಚ್ಚಿ ಬಂದಂತೆ ಅವರಿಗೆ ಅನ್ನಿಸುತ್ತಿತ್ತು.

ಸಂಕ್ರಾಂತಿ ಆದ ಮೇಲಿನ ಶುಕ್ರವಾರ ಸಿದ್ದರಾಮ ರಜೆ ಹಾಕಿ ತಾನೂ ಬಂದ. ಅಮೃತವ್ವ ಅವನ ಗುರುತು ಹಿಡಿದಳು, ಅದೊಂದು ಪುಣ್ಯ. ಅವನ ಗದ್ದ ಹಿಡಿದು ಲಟಿಕೆ ಮುರಿದಳು. ಅವತ್ತು ಎಷ್ಟು ಹೊತ್ತು ಕೂತರೂ ಒಂದೂ ಬರಲಿಲ್ಲ. ಏಳುವ ಹೊತ್ತಿಗೆ ಸಿದ್ದರಾಮ ಮೆಲ್ಲಗೆ, “ಅವ್ವಾ, ಅದೊಂದು ಹೇಳ್ತೀಯೇನು? ಕಡೀಗೆ ಹೇಳಿದ್ದಿ ನೋಡು, ಪ್ರೆಸ್ಸಿನ ಮಷೀನ್ ಎಲ್ಲಾ ಬಂದ್ ಮಾಡಿಸಿ,” ಅಂದ.

“ಯಾವದು?” ರಾಯರು ಕೇಳಿದರು.

ಮುದುಕಿಯೇ ಹೇಳಿದಳು.

“ನಮ್ಮ ಮನಿಯವರದು. ಅವರು ಹೋಗಿ ಮೂವತ್ತನಾಲ್ಕ ವರ್ಷ ಆತು. ಮುತ್ತೈದಿತನಾ ಹೋದಮ್ಯಾಲ ಒಡಪ ಹೇಳು ಅಂತ ಯಾರ ಕೇಳ್ತಾರ? ಯಾರೂ ಕೇಳಂಗಿಲ್ಲ. ಊರ ಮಂದಿ ಗಂಡಂದಿರ ಹೆಸರೆಲ್ಲಾ ಕಟ್ಟಿಕೊಟ್ಟೆ, ನನ್ನ ಗಂಡನ ಹೆಸರ ನನ್ನ ಬಾಯಾಗ ಬರಲಿಲ್ಲ. ಈ ಹುಡುಗ ಕೇಳಿದ. ಯಾರೂ ಇಲ್ಲದಾಗ, ಅವನ ಡಬ್ಬಿ ಮುಂದ, ಒಮ್ಮೆ ಹೇಳಿದ್ನಿ.”

“ಇನ್ನೊಮ್ಮೆ ಹೇಳ್ರಿ ಅವ್ವಾ,” ಅಂದರು ರಾಯರು. “ನಾ ಹೊರಗ ಹೋಗ್ತೀನಿ ಬೇಕಾದ್ರ. ಸಿದ್ದರಾಮ ಬರ್ಕೋತಾನ.”

ಅಮೃತವ್ವ ಕಣ್ಣು ಮುಚ್ಚಿಕೊಂಡಳು. ತುಟಿ ಅಲ್ಲಾಡಿತು. ಒಮ್ಮೆ ಕೈ ಎತ್ತಿದಳು, ಮೊದಲ ಸಾಲು ಸಿಕ್ಕಿತೇನೋ ಎಂದು ಇಬ್ಬರೂ ಮುಂದೆ ಬಾಗಿದರು. ಕೈ ಮತ್ತೆ ಮಡಿಲಿಗೆ ಬಂತು. ಹೀಗೆ ಎಷ್ಟು ಹೊತ್ತಾಯಿತೋ, ಕಟ್ಟೆಯ ಮೇಲಿನ ಬಿಸಿಲು ಕೆಳಗಿಳಿದು ಅಂಗಳಕ್ಕೆ ಹೋಯಿತು.

“ಪದಾ ಹೋಗೈತೋ ತಮ್ಮಾ,” ಅಂದಳು ಕೊನೆಗೆ. “ಹೆಸರs ನೆನಪೈತಿ. ಪದಾ ಇಲ್ದ ಹೆಸರ ಹೆಂಗ ಹೇಳ್ಲಿ?”

ಆ ಹೆಸರು ಒಳಗೆ ಗೋಡೆಗೆ ತೂಗುಹಾಕಿದ ಫೋಟೊದ ಕೆಳಗೆ ಬರೆದಿತ್ತು, ಅವಳ ರೇಷನ್ ಕಾರ್ಡಿನಲ್ಲೂ ಇತ್ತು. ಸಿದ್ದರಾಮನಿಗೆ ಗೊತ್ತಿತ್ತು, ಕೇಳಿದರೆ ಓಣಿಯಲ್ಲಿ ಯಾರಾದರೂ ಹೇಳುತ್ತಿದ್ದರು. ಅವಳೊಬ್ಬಳಿಗೇ ಅದನ್ನು ಹೇಳುವ ದಾರಿ ಇರಲಿಲ್ಲ. ಇದ್ದ ಒಂದು ದಾರಿಯನ್ನು ಮಾರ್ತಾಂಡರಾಯರು ಸ್ವಚ್ಛ ಮಾಡಿ ಬಂದಿದ್ದರು.

“ಅವತ್ತು ನಿನ್ನ ಮಾತು ಕೇಳಬೇಕಾಗಿತ್ತೋ ಸಿದ್ದರಾಮ,” ಅಂದರು ರಾಯರು. ಮೂರು ತಿಂಗಳಿಂದ ಗಂಟಲಲ್ಲಿದ್ದ ಮಾತು. ಇರಲಿ ಬಿಡ್ರಿ ಸರ ಅನ್ನುತ್ತಾನೆ ಎಂದು ಅವರು ಕಾದರು.

“ಹೌದ್ರಿ ಸರ,” ಅಂದ ಸಿದ್ದರಾಮ.

ಅಮೃತವ್ವ ಮತ್ತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ರಾಯರು ಲ್ಯಾಪ್‌ಟಾಪ್ ಮುಚ್ಚಲಿಲ್ಲ, ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ ಕೂತರು.